ಎರಡು ನಿಕಲ್ ಪರಮಾಣು, ಒಂದು ಯೂರಿಯಾ ಚೀಲ

ಮುಂಗಾರು ಹಿಡಿಯಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಗೊಬ್ಬರದಂಗಡಿ ಮುಂದೆ ಒಂದೇ ಮಾತು: ಯೂರಿಯಾ ಬಂತೇ, ತಲೆಗೆ ಎಷ್ಟು ಚೀಲ? ಲೋಡು ತಡವಾದರೆ ಸಾಲು ಉದ್ದವಾಗುತ್ತದೆ, ಸಾಲು ಉದ್ದವಾದರೆ ರಾಜಕಾರಣಿಗಳ ಹೇಳಿಕೆಗಳು ಶುರುವಾಗುತ್ತವೆ. ಈ ಗದ್ದಲದಲ್ಲಿ ಚೀಲದ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ; ಚೀಲದೊಳಗಿನ ಸಾರಜನಕದಲ್ಲಿ ಬೇರಿಗೆ ಮುಟ್ಟಿದ್ದೆಷ್ಟು ಎಂಬ ಲೆಕ್ಕ ಮಾತ್ರ ಯಾರೂ ಕೇಳುವುದಿಲ್ಲ. ಹೊಲದ ಮೇಲೆ ಚೆಲ್ಲಿದ ಯೂರಿಯಾದ ಒಂದು ಪಾಲು ಬೆಳೆಗೂ ಸಿಗದೆ, ಮಣ್ಣಲ್ಲೂ ಉಳಿಯದೆ, ನಾಲ್ಕಾರು ದಿನಗಳಲ್ಲಿ ಗಾಳಿಗೆ ಹೋಗುತ್ತದೆ. ಅದನ್ನು ಗಾಳಿಗೆ ಹೋಗುವಂತೆ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ಯೂರಿಯೇಸ್ ಎಂಬ ಕಿಣ್ವ. ಈ ಕಿಣ್ವದಲ್ಲಿ ಯಾವ ಪರಮಾಣು ಎಲ್ಲಿ ಕೂತಿದೆ ಎಂಬುದನ್ನು ವಿಜ್ಞಾನಿಗಳು 1995ರಲ್ಲೇ ಕಂಡುಕೊಂಡಿದ್ದಾರೆ. ಪ್ರಯೋಗಾಲಯದ ಆ ಚಿತ್ರಕ್ಕೂ ಕೂಡ್ಲಿಗಿಯ ಮೆಕ್ಕೆಜೋಳಕ್ಕೂ ನೇರ ಸಂಬಂಧವಿದೆ. ಯೂರಿಯಾದ ಸಮಸ್ಯೆಗೆ ಯಾವ ಮದ್ದು ನಾಟುತ್ತದೆ, ಯಾವುದು ನಾಟುವುದಿಲ್ಲ ಎಂಬುದನ್ನು ಆ ರಚನೆ ಖಚಿತವಾಗಿ ಹೇಳುತ್ತದೆ. ಅದು ಹೇಳುವುದನ್ನು ಕೇಳಿಸಿಕೊಂಡರೆ, ನಮ್ಮ ಗಮನ ಚೀಲದ ಎಣಿಕೆಯಿಂದ ಗೊಬ್ಬರ ಬೀಳುವ ಜಾಗ ಮತ್ತು ಹೊತ್ತಿನ ಕಡೆಗೆ ಸರಿಯಬೇಕಾಗುತ್ತದೆ ಎಂಬುದು ಈ ಬರಹದ ವಾದ.

ಮೊದಲು ನೆಲದ ಮಾತು. ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ಹೆಚ್ಚು ಕಾಣುವುದು ಕೆಂಪು ಮಸಾರಿ. ಮರಳು ಜಾಸ್ತಿ, ಜೇಡಿ ಕಡಿಮೆ, ಸಾವಯವ ಅಂಶ ಇನ್ನೂ ಕಡಿಮೆ. ಹಡಗಲಿಯ ಕಡೆ, ತುಂಗಭದ್ರೆಯ ಬದಿಗೆ ಬಂದಂತೆ ಎರೆ ಸಿಗುತ್ತದೆ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳಲ್ಲಿ ಎರಡೂ ಉಂಟು. ನೀರಾವರಿ ಮುಟ್ಟಿದ ಜಾಗ ಬಿಟ್ಟರೆ ಉಳಿದದ್ದೆಲ್ಲ ಮಳೆ ನಂಬಿದ ಬೇಸಾಯ, ಆ ಮಳೆಯೋ ಒಮ್ಮೆ ಬಂದು ಹದಿನೈದು ದಿನ ಕೈಕೊಡುವಂಥದ್ದು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಸುಮಾರು ಅದೇ ಅವಧಿಯಲ್ಲಿ ಇಲ್ಲಿನ ಹೊಲಗಳ ಬೆಳೆಯೂ ಬದಲಾಗಿದೆ. ಜೋಳ, ನವಣೆ, ಶೇಂಗಾ ಇದ್ದ ಕಡೆಗಳಲ್ಲಿ ಮೆಕ್ಕೆಜೋಳ ನುಗ್ಗಿದೆ. ಶೇಂಗಾ ತನ್ನ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ತಾನೇ ದುಡಿದುಕೊಳ್ಳುವ ಬೆಳೆ. ಅದಕ್ಕೆ ಆರಂಭಕ್ಕೆ ಒಂದಿಷ್ಟು ಕೊಟ್ಟರೆ ಸಾಕು. ಮೆಕ್ಕೆಜೋಳಕ್ಕೆ ಆ ವಿದ್ಯೆ ಇಲ್ಲ. ಸಾರಜನಕ ಸಾಲದಿದ್ದರೆ ಕೆಳಗಿನ ಹಳೆಯ ಎಲೆಯ ತುದಿಯಿಂದ ನಡುನರದ ಗುಂಟ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಹಳದಿ ಇಳಿಯುತ್ತದೆ, ತೆನೆ ತುದಿಯಲ್ಲಿ ಕಾಳು ಕಟ್ಟುವುದಿಲ್ಲ. ಹಾಗಾಗಿ ಮೆಕ್ಕೆಜೋಳ ಹರಡಿದ ಹಾಗೆಲ್ಲ ಯೂರಿಯಾದ ಹಸಿವೂ ಹರಡಿತು. ಐದು ತಾಲ್ಲೂಕುಗಳ ಗೊಬ್ಬರದ ಸಾಲಿನ ಮೂಲ ಇಲ್ಲಿದೆ.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. 45 ಕಿಲೋ ಚೀಲವೊಂದರಲ್ಲಿ 20.7 ಕಿಲೋ. ಆದರೆ ಯೂರಿಯಾದ ರೂಪದಲ್ಲಿ ಅದು ಬೆಳೆಗೆ ಅಷ್ಟಾಗಿ ಒದಗುವುದಿಲ್ಲ. ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಾಗಬೇಕು. ಬರೀ ನೀರಿನಲ್ಲಿ ಕರಗಿಸಿಟ್ಟರೆ ಯೂರಿಯಾ ತಾನಾಗಿ ಒಡೆಯಲು ದಶಕಗಳೇ ಬೇಕು, ಅಷ್ಟು ಗಟ್ಟಿ ಅಣು ಅದು. ಮಣ್ಣಿಗೆ ಬಿದ್ದರೆ ಕೆಲವೇ ದಿನಗಳಲ್ಲಿ ಒಡೆದು ಮುಗಿಯುತ್ತದೆ. ದಶಕಗಳ ಕೆಲಸವನ್ನು ದಿನಗಳಿಗೆ ಇಳಿಸುವುದೇ ಯೂರಿಯೇಸ್. ಇದರ ಕೆಲಸ ನೋಡಲು ಗೊಬ್ಬರದಂಗಡಿಗೇ ಹೋಗಬೇಕಾಗಿಲ್ಲ, ಬೆಳಗಿನ ಜಾವ ಕುರಿ ರೊಪ್ಪದ ಬಾಗಿಲು ತೆಗೆದರೆ ಸಾಕು. ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ತರಿಸುವ ಆ ಘಾಟು ಅಮೋನಿಯಾದ್ದು. ಕುರಿಯ ಮೂತ್ರದಲ್ಲಿ ಇರುವುದೂ ಇದೇ ಯೂರಿಯಾ. ಹಸಿ ಮೂತ್ರಕ್ಕೆ ಆ ಘಾಟಿರುವುದಿಲ್ಲ. ನೆಲದ ಹಿಕ್ಕೆ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳ ಯೂರಿಯೇಸ್ ರಾತ್ರಿಯಿಡೀ ಅದನ್ನು ಒಡೆದಿದ್ದರ ಫಲ ಅದು. ಹೊಲದಲ್ಲಿ ಕುರಿ ತರುಬಿಸಿದ ರೈತ ಹಿಂಡು ಎದ್ದ ಮೇಲೆ ತಡಮಾಡದೆ ಕುಂಟೆ ಹೊಡೆದು ಮಣ್ಣು ಮಗುಚುತ್ತಾನೆ. ಮೂಗಿಗೆ ಬಡಿದ ಅಮೋನಿಯಾ ಬೇರಿಗೆ ಸಿಗುವುದಿಲ್ಲ ಎಂಬ ಲೆಕ್ಕ ಆ ಪದ್ಧತಿಯಲ್ಲಿ ಅಡಗಿದೆ. ಕಾರ್ಖಾನೆಯ ಬಿಳಿ ಹರಳು ಬಂದ ಮೇಲೆ ಆ ಲೆಕ್ಕ ಮರೆತುಹೋಯಿತು, ಏಕೆಂದರೆ ಬಯಲಿನಲ್ಲಿ ಚೆಲ್ಲಿದ ಹರಳಿನಿಂದ ಏಳುವ ಅಮೋನಿಯಾ ತೆಳುವಾಗಿ ಹರಡಿ ಮೂಗಿಗೆ ಗೊತ್ತಾಗುವುದೇ ಇಲ್ಲ.

ಈ ಕಿಣ್ವದ ಚರಿತ್ರೆ ಜೀವರಸಾಯನ ವಿಜ್ಞಾನದ ಚರಿತ್ರೆಯೇ ಹೌದು. ಕಿಣ್ವ ಎಂದರೆ ಯಾವ ಬಗೆಯ ವಸ್ತು ಎಂಬುದು 20ನೇ ಶತಮಾನದ ಮೊದಲ ದಶಕಗಳಲ್ಲಿ ಇನ್ನೂ ಜಗಳದ ವಿಷಯ. ಪ್ರೋಟೀನ್ ಬರೀ ಹೊರೆ ಹೊರುವ ವಸ್ತು, ನಿಜವಾದ ಕಿಣ್ವ ಅದಕ್ಕೆ ಅಂಟಿಕೊಂಡ ಬೇರೇನೋ ಎಂದು ನೊಬೆಲ್ ಪಡೆದಿದ್ದ ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಅಂಥವರೇ ಹೇಳುತ್ತಿದ್ದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್ ಒಪ್ಪಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಬೇಟೆಯ ಅಪಘಾತದಲ್ಲಿ ಎಡಗೈ ಕಳೆದುಕೊಂಡಿದ್ದ ಈತ ಜ್ಯಾಕ್‌ಬೀನ್ ಎಂಬ ಅವರೆ ಜಾತಿಯ ಕಾಳಿನ ಹಿಟ್ಟಿನಿಂದ ಯೂರಿಯೇಸನ್ನು ಶುದ್ಧವಾಗಿ ತೆಗೆಯಲು ಸುಮಾರು ಒಂಬತ್ತು ವರ್ಷ ಹೆಣಗಿದ. 1926ರಲ್ಲಿ ಅಸಿಟೋನ್ ಬೆರೆಸಿದ ದ್ರಾವಣವನ್ನು ಸೋಸಿ ತಂಪಿನಲ್ಲಿಟ್ಟಾಗ ಎಂಟು ಮುಖದ ಪುಟ್ಟ ಹರಳುಗಳು ಮೂಡಿದವು. ಕರಗಿಸಿ ನೋಡಿದರೆ ಅವು ಯೂರಿಯಾವನ್ನು ಅಬ್ಬರದಿಂದ ಒಡೆಯುತ್ತಿದ್ದವು, ಪರೀಕ್ಷಿಸಿದರೆ ಅವು ಪ್ರೋಟೀನ್ ಆಗಿದ್ದವು. ಜಗತ್ತಿನಲ್ಲಿ ಹರಳುಗಟ್ಟಿದ ಮೊದಲ ಕಿಣ್ವ ಯೂರಿಯೇಸ್. ಒಪ್ಪಿಗೆ ಸಿಗಲು ವರ್ಷಗಳೇ ಹಿಡಿದವು. ನೊಬೆಲ್ ಬಂದದ್ದು 1946ರಲ್ಲಿ. ಆದರೆ ಆ ಹರಳಿನೊಳಗೆ ಏನಿದೆ ಎಂಬುದನ್ನು ಪೂರ್ತಿ ತಿಳಿಯದೆಯೇ ಸಮ್ನರ್ 1955ರಲ್ಲಿ ತೀರಿಕೊಂಡ. ಕಿಣ್ವದ ಒಡಲಲ್ಲಿ ನಿಕಲ್ ಲೋಹವಿದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿಕೊಟ್ಟದ್ದು 1975ರಲ್ಲಿ. ಜೀವಿಗಳಲ್ಲಿ ನಿಕಲ್‌ಗೆ ಇಂಥದೊಂದು ಕೆಲಸವಿದೆ ಎಂದು ಗೊತ್ತಾದದ್ದು ಅದೇ ಮೊದಲು.

ಒಂದು ಅಣುವಿನ ಒಳಗನ್ನು ನೋಡಬೇಕಾದರೆ ಹರಳೇ ಏಕೆ ಬೇಕು? ಯಾವ ಮಸೂರವೂ ಪರಮಾಣುವನ್ನು ತೋರಿಸಲಾರದು, ಬೆಳಕಿನ ಅಲೆಯೇ ಅದಕ್ಕಿಂತ ಸಾವಿರಾರು ಪಟ್ಟು ಅಗಲ. ಎಕ್ಸ್‌–ಕಿರಣದ ಅಲೆ ಸಾಕಷ್ಟು ಕಿರಿದು, ಆದರೆ ಒಂಟಿ ಅಣುವಿನಿಂದ ಚದುರಿ ಬರುವ ಕಿರಣ ಲೆಕ್ಕಕ್ಕೆ ಸಿಗದಷ್ಟು ಕ್ಷೀಣ. ಕೊಟ್ಟೂರೇಶ್ವರನ ತೇರಿನ ಮಿಣಿಯನ್ನು ಒಬ್ಬ ಎಳೆದರೆ ಗಾಲಿ ಮಿಸುಕುವುದಿಲ್ಲ. ಸಾವಿರ ಜನ ಒಂದೇ ದಿಕ್ಕಿಗೆ, ಒಂದೇ ಹೊತ್ತಿಗೆ ಜಗ್ಗಿದಾಗ ತೇರು ಹೊರಡುತ್ತದೆ. ಹರಳಿನಲ್ಲಿ ಕೋಟ್ಯಂತರ ಅಣುಗಳು ಒಂದೇ ಭಂಗಿಯಲ್ಲಿ ಸಾಲುಗಟ್ಟಿರುವುದರಿಂದ ಅವುಗಳಿಂದ ಚದುರಿದ ಕಿರಣಗಳು ಕೆಲವು ದಿಕ್ಕುಗಳಲ್ಲಿ ಒಂದಕ್ಕೊಂದು ಕೂಡಿ, ಅಳೆಯಬಲ್ಲ ಚುಕ್ಕೆಗಳಾಗಿ ಬೀಳುತ್ತವೆ. ಚುಕ್ಕೆಗಳ ಜಾಗ, ತೀವ್ರತೆ ಅಳೆದು, ಅಲೆಗಳು ಏರಿಳಿತದ ಯಾವ ಹಂತದಲ್ಲಿದ್ದವು ಎಂಬ ಲೆಕ್ಕವನ್ನು ಬೇರೆ ಉಪಾಯಗಳಿಂದ ಸರಿಹೊಂದಿಸಿ, ಎಲೆಕ್ಟ್ರಾನುಗಳು ಎಲ್ಲಿ ದಟ್ಟವಾಗಿವೆ ಎಂಬ ನಕ್ಷೆಯನ್ನು ಗಣಿತದಿಂದ ಕಟ್ಟುತ್ತಾರೆ. ಆ ನಕ್ಷೆಯೊಳಗೆ ಪರಮಾಣುಗಳನ್ನು ಕೂಡಿಸಿದರೆ ಸಿಗುವುದೇ ಸ್ಫಟಿಕ ರಚನೆ. ಯೂರಿಯೇಸಿನ ಮಟ್ಟಿಗೆ ಈ ಕೆಲಸ ಮೊದಲು ಕೈಗೂಡಿದ್ದು ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಕಿಣ್ವದಲ್ಲಿ, 1995ರಲ್ಲಿ. ಮಾಡಿದವರು ಎವೆಲಿನ್ ಜಾಬ್ರಿ, ಆಂಡ್ರ್ಯೂ ಕಾರ್ಪ್ಲಸ್ ಮತ್ತು ಅವರ ಸಹಯೋಗಿಗಳಾದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಹೌಸಿಂಗರ್ ತಂಡ. ಜಾಬ್ರಿ, ಕಾರ್ಪ್ಲಸ್ ಕೆಲಸ ಮಾಡುತ್ತಿದ್ದದ್ದು ಸಮ್ನರ್‌ನ ಕಾರ್ನೆಲ್‌ನಲ್ಲಿಯೇ.

ಆ ರಚನೆಯ ನಡುವೆ ಕಂಡದ್ದನ್ನು ತುಸು ಹತ್ತಿರದಿಂದ ನೋಡಬೇಕು. ಪ್ರೋಟೀನಿನ ಆಳದ ಒಂದು ಗೂಡಿನಲ್ಲಿ ಎರಡು ನಿಕಲ್ ಪರಮಾಣುಗಳು ಸುಮಾರು 3.5 ಆಂಗ್‌ಸ್ಟ್ರಾಮ್ ಅಂತರದಲ್ಲಿ ಕೂತಿವೆ. ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು ಎಂದರೆ ಒಂದು ಆಂಗ್‌ಸ್ಟ್ರಾಮ್. ಲೈಸಿನ್ ಎಂಬ ಅಮೈನೋ ಆಮ್ಲವೊಂದು ಇಂಗಾಲದ ಡೈಆಕ್ಸೈಡನ್ನು ತಲೆಗೆ ಕಟ್ಟಿಕೊಂಡು ಎರಡೂ ನಿಕಲ್‌ಗಳನ್ನು ಬೆಸೆದಿದೆ. ಹಿಸ್ಟಿಡಿನ್‌ಗಳು, ಒಂದು ಆಸ್ಪಾರ್ಟೇಟ್ ಅವನ್ನು ಸುತ್ತಲಿಂದ ಹಿಡಿದಿವೆ. ನಡುವೆ ನೀರಿನಿಂದ ಬಂದ ಒಂದು ಹೈಡ್ರಾಕ್ಸೈಡ್ ಹೊಂಚಿ ಕೂತಿದೆ. ಗೂಡಿನ ಬಾಯಿಗೆ ತೆರೆದು ಮುಚ್ಚುವ ಮುಚ್ಚಳವೊಂದಿದೆ, ಅದೂ ಪ್ರೋಟೀನಿನದೇ ಭಾಗ. ಯೂರಿಯಾ ಒಳಗೆ ಬಂದಾಗ ಅದರ ಆಮ್ಲಜನಕ ಒಂದು ನಿಕಲ್‌ಗೆ, ಒಂದು ಬದಿಯ ಸಾರಜನಕ ಇನ್ನೊಂದು ನಿಕಲ್‌ಗೆ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಇಳಿಯುತ್ತದೆ. ಅಲುಗಾಡದಂತೆ ಸಿಕ್ಕ ಯೂರಿಯಾದ ನಡುವಿನ ಇಂಗಾಲದ ಮೇಲೆ ಹೈಡ್ರಾಕ್ಸೈಡ್ ಎರಗುತ್ತದೆ, ಒಂದು ಅಮೋನಿಯಾ ಕಳಚಿ ಹೋಗುತ್ತದೆ. ಉಳಿದ ತುಂಡು ಹೊರಗೆ ಬಂದು ತಾನಾಗಿ ಒಡೆದು ಇನ್ನೊಂದು ಅಮೋನಿಯಾ ಬಿಡುತ್ತದೆ. ಇದಿಷ್ಟೂ ಸೆಕೆಂಡಿಗೆ ಸಾವಿರಾರು ಸಲ ನಡೆಯಬಲ್ಲದು. ಇಲ್ಲಿ ಎದ್ದು ಕಾಣುವ ಸಂಗತಿಯೆಂದರೆ, ಕೆಲಸದಲ್ಲಿ ಕಿಣ್ವದ ಯಾವ ಭಾಗವೂ ಸವೆಯುವುದಿಲ್ಲ. ನಿಕಲ್ ಅಲ್ಲೇ ಉಳಿಯುತ್ತದೆ, ಹೋದ ಹೈಡ್ರಾಕ್ಸೈಡಿನ ಜಾಗಕ್ಕೆ ನೀರಿನಿಂದ ಇನ್ನೊಂದು ಬರುತ್ತದೆ. ನೀರೊಂದಿದ್ದರೆ ಮುಂದಿನ ಯೂರಿಯಾಕ್ಕೆ ಗೂಡು ತಯಾರು.

ಈ ಚಿತ್ರದಿಂದ ಹೊಲಕ್ಕೆ ಬರುವ ಮೊದಲ ಪಾಠ: ಯೂರಿಯೇಸನ್ನು ಉಪವಾಸ ಕೆಡವಿ ನಿಲ್ಲಿಸಲಾಗದು. ಅದಕ್ಕೆ ಬೇಕಾದ ನಿಕಲ್ ಎಂಥ ಮಣ್ಣಿನಲ್ಲೂ ಸಿಗುವಷ್ಟು ಅಲ್ಪ. ಎರಡನೆಯದು, ಇದು ಒಂದು ಬ್ಯಾಕ್ಟೀರಿಯಾದ ಗುಟ್ಟಲ್ಲ. 1999ರಲ್ಲಿ ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದ ಸ್ಟೆಫಾನೊ ಚುರ್ಲಿ ತಂಡ ಸ್ಪೋರೋಸಾರ್ಸಿನಾ ಪಾಸ್ಟ್ಯೂರೈ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಯೂರಿಯೇಸ್ ರಚನೆ ಪ್ರಕಟಿಸಿತು, ಅಲ್ಲೂ ಅದೇ ಜೋಡಿ ನಿಕಲ್. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಇಸ್ರೋ ಜೊತೆ ಸೇರಿ ಚಂದ್ರನ ಮಣ್ಣನ್ನು ಹೋಲುವ ಪುಡಿ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಬಳಸಿ 2020ರಲ್ಲಿ ಇಟ್ಟಿಗೆ ಕಟ್ಟಿತಲ್ಲ, ಅದರಲ್ಲಿ ದುಡಿದದ್ದು ಇದೇ ಬ್ಯಾಕ್ಟೀರಿಯಾ, ಇದೇ ಕಿಣ್ವ. ಹೊಟ್ಟೆಯಲ್ಲಿ ಹುಣ್ಣು ಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಆಮ್ಲದ ನಡುವೆ ಬದುಕುವುದು ಯೂರಿಯೇಸಿನಿಂದ ಅಮೋನಿಯಾ ಮಾಡಿಕೊಂಡು. ಅದರ ರಚನೆ 2001ರಲ್ಲಿ ಬಂತು, ಗೂಡು ಅದೇ. ಇನ್ನು ಸಮ್ನರ್ ಹರಳು ಮಾಡಿದ ಜ್ಯಾಕ್‌ಬೀನ್ ಕಿಣ್ವದ ರಚನೆ ಬಿಡಿಸಿದ್ದು ನಮ್ಮ ನೆರೆಯ ಮದ್ರಾಸ್ ವಿಶ್ವವಿದ್ಯಾಲಯದ ಎ. ಬಾಲಸುಬ್ರಮಣಿಯನ್ ಮತ್ತು ಕೆ. ಪೊನ್ನುರಾಜ್, 2010ರಲ್ಲಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಬಳಿ ಕಲಿತ ಜಿ.ಎನ್. ರಾಮಚಂದ್ರನ್ 1952ರಿಂದ ಮದ್ರಾಸಿನಲ್ಲಿ ಬೆಳೆಸಿದ ಸ್ಫಟಿಕ ವಿಜ್ಞಾನದ ಪರಂಪರೆಗೆ ಸೇರಿದವರು ಇವರು. ಮೊದಲ ಹರಳಿನಿಂದ ಅದರ ಅಣುವಿನ ಚಿತ್ರಕ್ಕೆ ಎಂಟು ದಶಕಕ್ಕೂ ಮಿಕ್ಕಿ ಹಿಡಿಯಿತು. ಹೊರಗಿನ ಕಟ್ಟಡ ಬೇರೆ ಬೇರೆ: ಹೆಚ್ಚಿನ ಬ್ಯಾಕ್ಟೀರಿಯಾಗಳಲ್ಲಿ ಮೂರು ಬಗೆಯ ಸರಪಳಿ, ಜ್ಯಾಕ್‌ಬೀನ್ ಕಾಳಿನಲ್ಲಿ ಒಂದೇ ಉದ್ದ ಸರಪಳಿ. ಒಳಗಿನ ಗೂಡು ಮಾತ್ರ ಎಲ್ಲೆಡೆ ಒಂದೇ. ಅಂದ ಮೇಲೆ ಒಂದು ಜಾತಿಯ ಸೂಕ್ಷ್ಮಜೀವಿಯನ್ನು ಕೊಂದು ಯೂರಿಯಾ ಉಳಿಸುತ್ತೇವೆ ಎನ್ನುವುದಕ್ಕೆ ಅರ್ಥವಿಲ್ಲ. ಸಾಲದ್ದಕ್ಕೆ, ಬ್ಯಾಕ್ಟೀರಿಯಾ ಸತ್ತ ಮೇಲೂ ಅದರ ಯೂರಿಯೇಸ್ ಜೇಡಿ ಕಣಕ್ಕೆ, ಕೊಳೆತ ಎಲೆಕಸಕ್ಕೆ ಅಂಟಿಕೊಂಡು ತಿಂಗಳುಗಟ್ಟಲೆ ಚುರುಕಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಒಣಗಿದ ಹೊಲ ಮೊದಲ ಮಳೆಗೆ ನೆನೆದ ಕೂಡಲೇ ಕಿಣ್ವ ಕೆಲಸಕ್ಕೆ ಹಾಜರು.

ಹಾಗಾದರೆ ನಷ್ಟ ಆಗುವುದು ಎಲ್ಲಿ? ಕಿಣ್ವ ಯೂರಿಯಾವನ್ನು ಒಡೆಯುವುದು ಬೆಳೆಗೆ ಬೇಕಾದ ಕೆಲಸವೇ. ಕೇಡು ಇರುವುದು ಅದು ಒಡೆಯುವ ಜಾಗ ಮತ್ತು ವೇಗದಲ್ಲಿ. ಯೂರಿಯಾ ಒಡೆದಾಗ ಹರಳಿನ ಸುತ್ತಲಿನ ಮಣ್ಣು ಒಮ್ಮೆಗೇ ಕ್ಷಾರವಾಗುತ್ತದೆ. ಕ್ಷಾರದಲ್ಲಿ ಅಮೋನಿಯಂ ಅನಿಲವಾಗಿ ಬಿಡುಗಡೆಯಾಗುತ್ತದೆ. ಅದು ಮಣ್ಣಿನೊಳಗೆ ನಾಲ್ಕು ಬೆರಳು ಆಳದಲ್ಲಿ ಆದರೆ ಮೇಲಿನ ತೇವದ ಮಣ್ಣು ಅದನ್ನು ಹೀರಿ ಹಿಡಿಯುತ್ತದೆ. ಮೇಲ್ಮೈಯಲ್ಲಿ ಆದರೆ ಹಿಡಿಯುವವರಿಲ್ಲ. ಹಡಗಲಿಯ ಎರೆ ಮೊದಲೇ ಕ್ಷಾರದ ಕಡೆಗೆ ವಾಲಿದ್ದು, ಅಲ್ಲಿ ಅನಿಲವಾಗುವುದು ಸಲೀಸು. ಆದರೆ ಜೇಡಿ ಹೆಚ್ಚಿರುವುದರಿಂದ ಮುಚ್ಚಿದರೆ ಗಟ್ಟಿಯಾಗಿ ಹಿಡಿಯುವ ಶಕ್ತಿಯೂ ಅದಕ್ಕುಂಟು. ಕೂಡ್ಲಿಗಿಯ ಮಸಾರಿ ಅಷ್ಟು ಕ್ಷಾರವಲ್ಲದಿದ್ದರೂ ಅಮೋನಿಯಂ ಹಿಡಿದಿಡಲು ಬೇಕಾದ ಜೇಡಿಯಾಗಲಿ, ಕ್ಷಾರದ ಏರಿಕೆಯನ್ನು ತಡೆಯುವ ಕಸುವಾಗಲಿ ಅದಕ್ಕಿಲ್ಲ. ಎರಡು ಮಣ್ಣು, ಎರಡು ಕಾರಣ, ನಷ್ಟ ಒಂದೇ. ಇದರ ಮೇಲೆ ಇಲ್ಲಿನ ಮಳೆಯ ಸ್ವಭಾವ. ಹದವಾದ ಮಳೆ ಬಿದ್ದರೆ ಕರಗಿದ ಯೂರಿಯಾ ಒಡೆಯುವ ಮುನ್ನವೇ ಕೆಳಗಿಳಿಯುತ್ತದೆ. ಪೂರ್ತಿ ಒಣಗಿದ್ದರೆ ಕಿಣ್ವಕ್ಕೆ ನೀರಿಲ್ಲ, ಹರಳು ಹಾಗೇ ಕೂತಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ನಡುವಿನ ಸ್ಥಿತಿ: ನೆಲ ನೆನೆಯುವಷ್ಟು ತುಂತುರು, ಆಮೇಲೆ ವಾರ ಬಿಸಿಲು, ಗಾಳಿ. ಹರಳು ಕರಗಲು, ಕಿಣ್ವ ದುಡಿಯಲು ಬೇಕಾದಷ್ಟು ತೇವ ಇದೆ. ಕೆಳಗೆ ಕೊಂಡೊಯ್ಯಲು ಬೇಕಾದ ನೀರಿಲ್ಲ. ಇಂಥ ಸ್ಥಿತಿಯಲ್ಲಿ ಮೇಲೆ ಚೆಲ್ಲಿದ ಸಾರಜನಕದ ಮೂರನೇ ಒಂದು ಪಾಲಿನವರೆಗೂ ಗಾಳಿಗೆ ಹೋಗಬಲ್ಲದು. ಒಂದು ಚೀಲಕ್ಕೆ ಸುಮಾರು ಏಳು ಕಿಲೋ ಸಾರಜನಕ ಎಂದಾಯಿತು. ಎಲೆ ಹಳದಿಯಾಗಿದ್ದನ್ನು ಕಂಡು, ತುಂತುರು ಬಿದ್ದ ಸಂಜೆ ಅವಸರದಿಂದ ಯೂರಿಯಾ ಚೆಲ್ಲುವುದು ಈ ಭಾಗದಲ್ಲಿ ಕಾಣುವ ರೂಢಿ. ಕಿಣ್ವಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಬೇರೆ ಇಲ್ಲ.

ಕಿಣ್ವವನ್ನೇ ಸ್ವಲ್ಪ ದಿನ ಕಟ್ಟಿಹಾಕಲಾಗದೇ ಎಂಬ ಪ್ರಶ್ನೆಗೂ ಸ್ಫಟಿಕ ರಚನೆಯೇ ಉತ್ತರ ಕೊಟ್ಟಿದೆ. ಯೂರಿಯಾವನ್ನು ಹೋಲುವ, ಇಂಗಾಲದ ಜಾಗದಲ್ಲಿ ರಂಜಕವಿರುವ ಒಂದು ವಸ್ತುವನ್ನು ಕೊಟ್ಟು ಚುರ್ಲಿ ತಂಡ 1999ರಲ್ಲಿ ಹರಳು ಬೆಳೆಸಿತು. ಕಿಣ್ವ ಅದನ್ನೂ ಯೂರಿಯಾ ಎಂದೇ ಬಗೆದು ಒಡೆದಿತ್ತು. ಒಡೆದು ಸಿಕ್ಕಿದ ತುಂಡು ಎರಡು ನಿಕಲ್‌ಗಳ ನಡುವೆ ಸಿಲುಕಿ ಹೊರಬರದೆ, ಮುಚ್ಚಳ ಮುಚ್ಚಿದಂತೆಯೇ ಉಳಿದಿತ್ತು. ಕಿಣ್ವ ತನ್ನ ಬೀಗವನ್ನು ತಾನೇ ಮಾಡಿಕೊಂಡಿತ್ತು. ಜಗತ್ತಿನ ಹಲವು ದೇಶಗಳಲ್ಲಿ ಯೂರಿಯಾಕ್ಕೆ ಬೆರೆಸುವ ಎನ್‌ಬಿಪಿಟಿ ಎಂಬ ತಡೆಮದ್ದು ಕೂಡ ಇದೇ ಬಗೆಯಲ್ಲಿ ಕಿಣ್ವವನ್ನು ಕಟ್ಟುತ್ತದೆ ಎಂಬುದು 2017ರ ರಚನೆಯಿಂದ ಖಚಿತವಾಯಿತು. ಈ ತಡೆ ಒಂದೆರಡು ವಾರ ಬಾಳುತ್ತದೆ, ಅಷ್ಟರಲ್ಲಿ ಒಂದು ಹದ ಮಳೆ ಬಂದರೆ ಯೂರಿಯಾ ಬೇರಿನ ಮಟ್ಟಕ್ಕೆ ಇಳಿಯುತ್ತದೆ. ಇಲ್ಲೊಂದು ಗೊಂದಲ ಬಿಡಿಸಬೇಕು. ನಮ್ಮ ದೇಶದಲ್ಲಿ 2015ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯ. ಅದನ್ನು ನೋಡಿ ‘ಬೇವು ಹಚ್ಚಿದೆಯಲ್ಲ, ಇನ್ನು ಹಾರಿಹೋಗುವುದಿಲ್ಲ’ ಎಂದು ನೆಚ್ಚಿಕೊಳ್ಳುವಂತಿಲ್ಲ. ಬೇವಿನ ಮುಖ್ಯ ಗುರಿ ಮುಂದಿನ ಹಂತ: ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬೇರೆ ಬ್ಯಾಕ್ಟೀರಿಯಾಗಳನ್ನು ನಿಧಾನಿಸುವುದು. ನೀರು ನಿಲ್ಲುವ, ಬಸಿದು ಹೋಗುವ ಗದ್ದೆಗಳಲ್ಲಿ ಅದರ ಉಪಯೋಗ ಬೇರೆಯೇ. ಜೋಡಿ ನಿಕಲ್‌ನ ಗೂಡಿಗೆ ಬೀಗ ಹಾಕುವ ಮದ್ದು ಅದಲ್ಲ. ಅಮೋನಿಯಾ ಹಾರಿಹೋಗುವುದು ನೈಟ್ರೇಟ್ ಆಗುವುದಕ್ಕೂ ಮೊದಲೇ. ಯಾವ ಹಂತದಲ್ಲಿ ಸೋರುತ್ತಿದೆ ಎಂದು ತಿಳಿಯದೆ ಹಾಕಿದ ತೇಪೆ ಸೋರಿಕೆಯನ್ನು ನಿಲ್ಲಿಸುವುದಿಲ್ಲ.

ಇದಕ್ಕೆಲ್ಲ ಆಕ್ಷೇಪಗಳು ಇಲ್ಲದಿಲ್ಲ. ಮೊದಲನೆಯದು ರೈತರದ್ದೇ: ಗೊಬ್ಬರ ಮುಚ್ಚಬೇಕು ಎನ್ನಲು ನಿಕಲ್ ಪರಮಾಣು ಬೇಕೇ, ನಮ್ಮ ಹಿರಿಯರು ಕುರಿ ತರುಬಿಸಿ ಕುಂಟೆ ಹೊಡೆದದ್ದು ಯಾವ ಎಕ್ಸ್‌–ಕಿರಣ ನೋಡಿ? ಮಾತು ನ್ಯಾಯವಾದದ್ದೇ. ಅನುಭವ ಏನು ಮಾಡಬೇಕೆಂಬುದನ್ನು ಕಾರಣ ಗೊತ್ತಿಲ್ಲದೆಯೂ ಕಲಿಸುತ್ತದೆ. ಆದರೆ ವಸ್ತು ಬದಲಾದಾಗ, ಬೆಳೆ ಬದಲಾದಾಗ ಅನುಭವ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂದು ಹೇಳಲು ಕಾರಣ ಬೇಕು. ರೊಪ್ಪದ ಘಾಟಿಗೂ ಚೀಲದ ಹರಳಿಗೂ ಇರುವ ನಂಟು ಕಣ್ಣಿಗೆ, ಮೂಗಿಗೆ ಸಿಗುವಂಥದ್ದಲ್ಲ. ಎರಡರ ಹಿಂದೆಯೂ ಒಂದೇ ಗೂಡು ಇದೆ ಎಂದು ತೋರಿಸಿಕೊಟ್ಟದ್ದು ರಚನೆ. ಬೇವಿನ ಲೇಪ ಏಕೆ ಇಲ್ಲಿ ಸಾಲದು, ತಡೆಮದ್ದು ಏಕೆ ಒಂದೆರಡು ವಾರ ಮಾತ್ರ, ಬ್ಯಾಕ್ಟೀರಿಯಾ ನಾಶಕ ಸಿಂಪಡಿಸಿ ಪ್ರಯೋಜನ ಏಕಿಲ್ಲ ಎಂಬ ಪ್ರಶ್ನೆಗಳಿಗೆ ಹಿರಿಯರ ಬುದ್ಧಿಯೊಂದರಿಂದ ಉತ್ತರ ಬಾರದು, ಏಕೆಂದರೆ ಅವರಿಗೆ ಆ ಪ್ರಶ್ನೆಗಳೇ ಇರಲಿಲ್ಲ. ಅಂಗಡಿಯವ ಹೊಸ ಬಾಟಲಿ ತೋರಿಸಿದಾಗ ‘ಇದು ಯಾವ ಹಂತದಲ್ಲಿ ಕೆಲಸ ಮಾಡುತ್ತದೆ’ ಎಂದು ಕೇಳುವ ಬಲ ಕಾರಣ ತಿಳಿದವನಿಗೆ ಮಾತ್ರ ಇರುತ್ತದೆ.

ಎರಡನೇ ಆಕ್ಷೇಪ ವಿಜ್ಞಾನ ಬಲ್ಲವರದ್ದು. ಹರಳು ಎಂಬುದು ಶುದ್ಧ ಮಾಡಿದ, ಸಾಲುಗಟ್ಟಿ ನಿಲ್ಲಿಸಿದ ಪ್ರೋಟೀನ್. ಹೊಲದ ಮಣ್ಣು ಎಂದರೆ ನೂರೆಂಟು ಜೀವಿ, ಜೇಡಿ, ಉಪ್ಪು, ಬಿಸಿಲು. ಒಂದರಿಂದ ಇನ್ನೊಂದನ್ನು ಹೇಳಬಹುದೇ? ನೇರವಾಗಿ ಹೇಳಲಾಗದು, ನಿಜ. ಕೂಡ್ಲಿಗಿಯ ಒಂದು ಎಕರೆಯಲ್ಲಿ ಎಷ್ಟು ಅಮೋನಿಯಾ ಹೋಗುತ್ತದೆ ಎಂಬುದನ್ನು ಯಾವ ಸ್ಫಟಿಕವೂ ಹೇಳದು. ಅದಕ್ಕೆ ಹೊಲದಲ್ಲೇ ಅಳತೆ ಮಾಡಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯ ಈ ತಾಲ್ಲೂಕುಗಳಲ್ಲಿ ಮಸಾರಿ, ಎರೆ ಎರಡರಲ್ಲೂ ಅಂಥ ಅಳತೆಗಳು ರೈತರ ಕಣ್ಣೆದುರಿಗೇ ನಡೆಯುವುದು ಒಳ್ಳೆಯದು. ಆದರೆ ರಚನೆ ಹೇಳುವುದು ಪ್ರಮಾಣವನ್ನಲ್ಲ, ಮಿತಿಯನ್ನು. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬ ಗೆರೆಯನ್ನು ಅದು ಎಳೆಯುತ್ತದೆ. ಹರಳಿನಲ್ಲಿ ಕಂಡ ಬೀಗದ ಬಗೆ ಮಣ್ಣಿನಲ್ಲೂ ಕೆಲಸ ಮಾಡುತ್ತದೆ ಎಂಬುದು ತಡೆಮದ್ದಿನ ಬಳಕೆಯಿಂದ ಸಾಬೀತಾಗಿದೆ. ಹರಳಿನ ಚಿತ್ರ ನಿಂತ ಚಿತ್ರವಾದರೂ, ಯೂರಿಯಾ ಬರುವ ಮುಂಚಿನದು, ಸಿಲುಕಿದಾಗಿನದು, ಬೀಗ ಬಿದ್ದಾಗಿನದು ಎಂದು ಬೇರೆ ಬೇರೆ ಹಂತಗಳ ಹರಳುಗಳನ್ನು ಜೋಡಿಸಿದಾಗ ನಡೆಯುವ ಕ್ರಮ ತಿಳಿಯುತ್ತದೆ.

ಮೂರನೇ ಆಕ್ಷೇಪವೇ ನಿಜವಾಗಿ ಗಟ್ಟಿಯಾದದ್ದು: ಹಣ ಮತ್ತು ಆಳಿನದ್ದು. ತೆರಿಗೆ, ಬೇವಿನ ಲೇಪ ಸೇರಿ ಚೀಲದ ಬೆಲೆ 266 ರೂಪಾಯಿ 50 ಪೈಸೆ. ಮೂರನೇ ಒಂದು ಪಾಲು ಹಾರಿಹೋದರೂ ರೈತನ ಕೈಯಿಂದ ಹೋದದ್ದು 90 ರೂಪಾಯಿಯೂ ಇಲ್ಲ. ಅದನ್ನು ಉಳಿಸಲು ಒಂದು ಆಳಿನ ಕೂಲಿ ಕೊಡುವುದು ಯಾವ ಲೆಕ್ಕ? ಚೀಲದ ಬೆಲೆಯನ್ನಷ್ಟೇ ನೋಡಿದರೆ ಈ ತರ್ಕಕ್ಕೆ ಎದುರಿಲ್ಲ. ಆದರೆ ಕಳೆದದ್ದು ಚೀಲದ ಬೆಲೆಯಲ್ಲ, ಆ ಏಳು ಕಿಲೋ ಸಾರಜನಕ ತುಂಬಬೇಕಿದ್ದ ಕಾಳು. ಚೀಲ ಸಿಗದ ವರ್ಷದಲ್ಲಿ ಆ ಸಾರಜನಕಕ್ಕೆ ಬೆಲೆಯನ್ನೇ ಕಟ್ಟಲಾಗದು. ಸಾಲಿನಲ್ಲಿ ಕಳೆದ ದಿನವೂ ಕೂಲಿಯೇ. ಇನ್ನು ಸರ್ಕಾರ ತುಂಬಿಕೊಡುವ ಸಬ್ಸಿಡಿ ರೈತ ಕೊಡುವ ಬೆಲೆಯ ಹಲವು ಪಟ್ಟು, ಆಕಾಶಕ್ಕೆ ಹೋದ ಅಮೋನಿಯಾದ ಬಹುಪಾಲು ತೆರಿಗೆದಾರರ ದುಡ್ಡು. ಆಳಿನ ಮಾತಿಗೆ ಉತ್ತರ ಮೆಕ್ಕೆಜೋಳದ ಸಾಲಿನಲ್ಲೇ ಇದೆ. ಮೂವತ್ತು ದಿನದ ಸುಮಾರಿಗೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯುವುದು ಹೇಗೂ ಇದ್ದದ್ದೇ. ಮೇಲುಗೊಬ್ಬರವನ್ನು ಕುಂಟೆ ಆದ ಮೇಲೆ ಚೆಲ್ಲುವ ಬದಲು ಕುಂಟೆಯ ಮುಂದೆ, ಗಿಡದ ಸಾಲಿನ ಪಕ್ಕಕ್ಕೆ ಬೀಳಿಸಿದರೆ ಅದೇ ಎತ್ತು, ಅದೇ ಕುಂಟೆ, ಅದೇ ಆಳು ಗೊಬ್ಬರವನ್ನು ಮುಚ್ಚಿಬಿಡುತ್ತವೆ. ಕೆಲಸದ ಹಿಂದುಮುಂದು ಬದಲಾದರೆ ಸಾಕು, ಖರ್ಚು ಹೆಚ್ಚುವುದಿಲ್ಲ. ಹಾಗೆಂದು ಕೂರಿಗೆಯಲ್ಲಿ ಬೀಜದ ಜೊತೆಗೇ ಯೂರಿಯಾ ಬಿಡುವುದು ಕೂಡದು: ಅಲ್ಲೂ ಇದೇ ಕಿಣ್ವ ಅಮೋನಿಯಾ ಎಬ್ಬಿಸಿ ಮೊಳಕೆಯನ್ನು ಸುಡುತ್ತದೆ. ಬೀಜದಿಂದ ಮೂರ್ನಾಲ್ಕು ಬೆರಳು ಸರಿಸಿ, ಆಳಕ್ಕೆ ಬೀಳಿಸುವ ಜೋಡಿ ಬಾಯಿಯ ಕೂರಿಗೆಗಳು ಇರುವುದೇ ಈ ಕಾರಣಕ್ಕೆ. ನೀರಾವರಿ ಇದ್ದವರು ಚೆಲ್ಲಿದ ದಿನವೇ ನೀರು ಹಾಯಿಸಿದರೆ ಅದೂ ಮುಚ್ಚಿದಂತೆಯೇ.

ಹೀಗೆ ನೋಡಿದರೆ ಯೂರಿಯೇಸಿನ ಮುಂದೆ ನಮಗಿರುವ ದಾರಿ ಎರಡೇ. ಕಿಣ್ವದ ಗೂಡಿಗೆ ಬೀಗ ಹಾಕುವುದು, ಇಲ್ಲವೇ ಕಿಣ್ವ ದುಡಿದರೂ ಅಮೋನಿಯಾ ತಪ್ಪಿಸಿಕೊಳ್ಳದ ಜಾಗದಲ್ಲಿ ಗೊಬ್ಬರ ಇಡುವುದು. ಮೊದಲನೆಯದಕ್ಕೆ ಕಾರ್ಖಾನೆ ಬೇಕು, ದುಡ್ಡು ಬೇಕು, ಮದ್ದಿನ ಮೇಲೆ ಮೇಲ್ವಿಚಾರಣೆಯೂ ಬೇಕು. ಮಳೆ ತೀರ ಅನಿಶ್ಚಿತವಾದ ಕಡೆ, ಗೊಬ್ಬರ ಮುಚ್ಚಲು ದಾರಿಯೇ ಇಲ್ಲದ ಕಡೆ ಅದಕ್ಕೆ ಜಾಗವಿದೆ. ಎರಡನೆಯದು ಈ ಐದು ತಾಲ್ಲೂಕುಗಳಲ್ಲಿ ಈ ಮುಂಗಾರಿನಿಂದಲೇ ಸಾಧ್ಯ. ಗೊಬ್ಬರದ ಬಗ್ಗೆ ಸರ್ಕಾರದ ಯೋಚನೆಯೆಲ್ಲ ಈಗ ಚೀಲದ ದರ, ಚೀಲದ ಸಂಖ್ಯೆಯ ಸುತ್ತ ಇದೆ. ಅದರ ಒಂದು ಪಾಲನ್ನು ಗೊಬ್ಬರ ಬೀಳಿಸುವ ಕೂರಿಗೆ, ಎಡೆಕುಂಟೆಗೆ ಜೋಡಿಸುವ ಕೊಳವೆಗಳ ಕಡೆಗೆ ತಿರುಗಿಸಿದರೆ, ರೈತ ಸಂಪರ್ಕ ಕೇಂದ್ರಗಳು ‘ಎಷ್ಟು ಚೀಲ’ದ ಜೊತೆಗೆ ‘ಯಾವ ಮಳೆಗೆ, ಎಷ್ಟು ಆಳಕ್ಕೆ, ಎಷ್ಟು ಕಂತಿನಲ್ಲಿ’ ಎಂದು ಹೇಳತೊಡಗಿದರೆ, ಬರುವ ಯೂರಿಯಾದಲ್ಲೇ ಹೆಚ್ಚಿನ ತೆನೆ ತುಂಬುತ್ತದೆ. ಮೆಕ್ಕೆಜೋಳದ ನಂತರ ಅದೇ ಹೊಲಕ್ಕೆ ಶೇಂಗಾ, ತೊಗರಿ, ಹುರುಳಿಯನ್ನು ತಿರುವು ಹಾಕಿದರೆ ಯೂರಿಯಾದ ಬೇಡಿಕೆಯೇ ಇಳಿಯುತ್ತದೆ. ಇಷ್ಟೆಲ್ಲ ಮಾಡಿದರೂ ಗೊಬ್ಬರದಂಗಡಿ ಮುಂದಿನ ಸಾಲು ಒಂದೇ ವರ್ಷದಲ್ಲಿ ಕರಗದು. ಆದರೆ ಸಾಲಿನಲ್ಲಿ ನಿಂತು ತಂದ ಚೀಲದ ಮೂರನೇ ಒಂದು ಪಾಲನ್ನು ಗಾಳಿಗೆ ಬಿಡದೆ ಉಳಿಸಿಕೊಳ್ಳುವುದು ರೈತನ ಕೈಯಲ್ಲೇ ಇದೆ. ಅದಕ್ಕೆ ಯಾವ ಲೋಡಿಗೂ ಕಾಯಬೇಕಿಲ್ಲ, ಯಾರ ಹೇಳಿಕೆಯೂ ಬೇಕಿಲ್ಲ.